ತಿರುಗಿ ಕೊಡಲಾಗದ ಅತಿಥಿಗಳು

ಬೆಂಗಳೂರಿನಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಚಿಕ್ಕಬಳ್ಳಾಪುರ. 2007ರವರೆಗೆ ಇದು ಕೋಲಾರ ಜಿಲ್ಲೆಯ ತಾಲ್ಲೂಕು. ಈಗ ಇದೇ ಜಿಲ್ಲಾ ಕೇಂದ್ರ. ಮಳೆ ಕಡಿಮೆಯ ಸೀಮೆ. ದಸರಾ ರಜೆಯಲ್ಲಿ ಅಕ್ಕನ ಮಗಳು ಪುಟ್ಟಿಯೊಡನೆ ಎರಡು ದಿನ ಇಲ್ಲಿ ಸುತ್ತಿದೆ.

ಮೊದಲು ಗೌರಿಬಿದನೂರು ಬಳಿಯ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಊರು. ಇಲ್ಲಿ ಅಶ್ವತ್ಥದ ಸಸಿ ನೆಟ್ಟವನು ವಿದುರನೆಂದು ಪ್ರತೀತಿ. ಸಂಧಾನಕ್ಕೆ ಬಂದ ಕೃಷ್ಣ ದುರ್ಯೋಧನನ ಔತಣ ಬಿಟ್ಟು ವಿದುರನ ಮನೆಯಲ್ಲಿ ಉಂಡ ಕಥೆ ನಿಮಗೆ ಗೊತ್ತಲ್ಲ ಮಕ್ಕಳೇ? ದುರ್ಯೋಧನನ ಊಟದ ಹಿಂದೆ ಲೆಕ್ಕವಿತ್ತು.

ಚಿಕ್ಕಬಳ್ಳಾಪುರದಲ್ಲಿ ಸಿ.ಎಸ್.ಐ. ಆಸ್ಪತ್ರೆ ನೋಡಿದೆವು. ನೂರು ವರ್ಷಕ್ಕೂ ಹಿಂದೆ ಲಂಡನ್ ಮಿಷನ್‌ನವರು ಕಟ್ಟಿದ್ದು. ಹಳ್ಳಿಗೆ ವೈದ್ಯರೇ ಇಲ್ಲದ ಕಾಲ. ‘ಆಸ್ಪತ್ರೆ’ ನಮಗೆ ‘ಹಾಸ್ಪಿಟಲ್’ನಿಂದ ಬಂದ ಮಾತು, ಅದರ ಲ್ಯಾಟಿನ್ ಬೇರಿಗೆ ಅತಿಥಿ ಎಂದೂ ಅರ್ಥ. ರೋಗಿ ಅಂದರೆ ಮನೆಗೆ ಬಂದ ಅತಿಥಿ!

ಇದರ ಹಿಂದಿನ ಕ್ರೈಸ್ತ ಚಿಂತನೆ ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ಊಟಕ್ಕೆ ಕರೆದ ಯಜಮಾನನಿಗೇ ಯೇಸು ತಿಳಿಹೇಳುತ್ತಾರೆ: ನೆಂಟರನ್ನೂ ಸಿರಿವಂತ ನೆರೆಯವರನ್ನೂ ಕರೆದರೆ ಅವರೂ ನಿನ್ನನ್ನು ಕರೆದು ಲೆಕ್ಕ ತೀರಿಸುತ್ತಾರೆ, ಬಡವರನ್ನು, ಕುಂಟರನ್ನು, ಕುರುಡರನ್ನು ಕರೆ, ತಿರುಗಿ ಕೊಡಲು ಅವರಲ್ಲಿ ಏನೂ ಇಲ್ಲ.

ಇದನ್ನು ಕೇಳಿ ಪುಟ್ಟಿ ಸುಮ್ಮನಾದಳು. ಮುಂದಿನ ವಾರ ಅವಳ ಹುಟ್ಟುಹಬ್ಬ. ಹೋದ ವರ್ಷ ಉಡುಗೊರೆ ತಂದವರ ಹೆಸರನ್ನೆಲ್ಲ ಬಸ್ಸಿನಲ್ಲೇ ಬರೆದಿದ್ದಳು. ಪಕ್ಕದ ಬೆಂಚಿನ ಹುಡುಗಿಯ ಹೆಸರು ಇರಲಿಲ್ಲ. “ಅವಳೇನೂ ತರಲ್ಲ ಚಿಕ್ಕಮ್ಮ” ಅಂದಿದ್ದಳು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ದಾಟಿ ಒಂದು ನೂಲು ಬಿಚ್ಚುವ ಮನೆಗೆ ಹೋದೆವು. ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ಎಳೆ ಹಿಡಿಯುವ ಹೆಂಗಸಿನ ಬೆರಳುಗಳು ಬಿಳಿಚಿಕೊಂಡಿದ್ದವು. ಆ ಬೆರಳನ್ನೇ ನೋಡುತ್ತಾ ಪುಟ್ಟಿ ಮೆಲ್ಲಗೆ, “ಅವಳ ಅಮ್ಮನೂ ಹೀಗೇ ಕೂಲಿಗೆ ಹೋಗ್ತಾರೆ” ಅಂದಳು.

ಕೊನೆಗೆ ಚಿಂತಾಮಣಿ ತಾಲ್ಲೂಕಿನ ಕೈವಾರ. ಬಳೆ ಮಾರುತ್ತಿದ್ದ ನಾರಾಯಣಪ್ಪ, ಕನ್ನಡ ತೆಲುಗು ಎರಡರಲ್ಲೂ ಪದ ಕಟ್ಟಿ ಕೈವಾರ ತಾತಯ್ಯನಾದ ಊರು. ಮಠದ ದಾಸೋಹದಲ್ಲಿ ಎಲ್ಲರ ಜೊತೆ ಸಾಲಾಗಿ ಕುಳಿತೆವು. ಯಾರೂ ಜಾತಿ ಕೇಳಲಿಲ್ಲ, ದುಡ್ಡು ಕೇಳಲಿಲ್ಲ. ಲೂಕನ ಮಾತಿಗೂ ಈ ಪಂಕ್ತಿಗೂ ದೂರವೆಷ್ಟು?

ಊಟ ಮುಗಿಸಿ ಕೈತೊಳೆದ ಪುಟ್ಟಿ ಪೆನ್ನು ಕೇಳಿ, ಚೀಟಿಯ ಮೇಲ್ತುದಿಯಲ್ಲಿ ಒಂದು ಹೆಸರು ಬರೆದಳು.