ಪೀಣ್ಯಕ್ಕೆ ಕಡಲಿಲ್ಲ, ಬೋಟಿನ ಕೂಗು ಮಾತ್ರ ಇಲ್ಲಿಗೇ ಬರುತ್ತದೆ

ಪೀಣ್ಯದಲ್ಲಿ ಸುದ್ದಿ ಹುಡುಕುವ ನಮಗೆ ಸಿಗುವುದು ಲೇತ್ ಮಷೀನು, ಕರೆಂಟು ಹೋದದ್ದು, ಓವರ್‌ಟೈಮ್ ದುಡ್ಡಿನ ಜಗಳ. ಕಡಲು ನೋಡಬೇಕೆಂದರೆ ರಾತ್ರಿ ಬಸ್ಸು ಹತ್ತಬೇಕು. ಆದರೂ ಅರಬ್ಬಿ ಸಮುದ್ರದಲ್ಲಿ ಸಿಕ್ಕಿಬಿದ್ದ ಬೋಟಿನವರು ಅಪಾಯದ ಗುಂಡಿ ಒತ್ತಿದರೆ, ಆ ಕೂಗು ಉಪಗ್ರಹ ಹತ್ತಿ ಬಂದು ಇಳಿಯುವುದು ಇಲ್ಲೇ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಇಸ್ರೋದ ಇಸ್ಟ್ರಾಕ್ ಇದೆಯಲ್ಲ, ಅಪಾಯದ ಸಂದೇಶ ಹಿಡಿಯುವ ದೇಶದ ನಿಯಂತ್ರಣ ಕೇಂದ್ರ ಇರುವುದು ಅಲ್ಲಿ. ಯಾವ ಬೋಟು, ಎಲ್ಲಿದೆ ಎಂದು ಬಿಡಿಸಿ ಕರಾವಳಿ ಕಾವಲು ಪಡೆಗೆ ತಿಳಿಸುತ್ತಾರೆ. ಅದೇ ರಸ್ತೆಯಲ್ಲಿ ಟೀ ಕುಡಿಯುವ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಇಲ್ಲಿ ಲಾಕ್‌ಡೌನ್. ನಮ್ಮ ಪಕ್ಕದ ರೂಮಿನಲ್ಲಿ ಮಲ್ಪೆ ಕಡೆಯ ಹುಡುಗನೊಬ್ಬ ಇದ್ದ, ಫ್ಯಾಬ್ರಿಕೇಶನ್ ಕೆಲಸ. ಅವನ ಮಾವನಿಗೆ ಒಂದು ಟ್ರಾಲ್ ಬೋಟು. ಬೆಳಿಗ್ಗೆಯಿಂದ ಫೋನು ಕಿವಿಯಿಂದ ಇಳಿಯಲಿಲ್ಲ. "ಮಾವ, ಬೋಟಲ್ಲಿ ಮಲಗ್ಬೇಡಿ ಮಾರಾಯ್ರೆ" ಅನ್ನುತ್ತಲೇ ಇದ್ದ. ಬೋಟು ದಡ ಸೇರಿದೆ, ಇನ್ನೇನು ಹೆದರಿಕೆ ಅಂದುಕೊಂಡಿದ್ದೆವು. ಅವನು ಬಿಡಿಸಿ ಹೇಳಿದ ಮೇಲೆ ತಿಳಿಯಿತು, ಬಂದರಿನೊಳಗೆ ಬಂದ ಮೇಲೇ ಅರ್ಧ ಕೆಲಸ ಶುರು.

ನಮ್ಮ ಬಂದರುಗಳಲ್ಲಿ ಒಂದೊಂದು ಬೋಟಿಗೆ ಬೇರೆ ಬೇರೆ ಜಾಗ ಎಲ್ಲಿಂದ ಬರಬೇಕು? ಒಂದರ ಮೈಗೆ ಒಂದು ತಾಗಿಸಿ ಸಾಲಾಗಿ ಕಟ್ಟುತ್ತಾರೆ. ಒಂದು ಹಗ್ಗ ಕಡಿದರೆ ಇಡೀ ಸಾಲು ಗುದ್ದಾಡುತ್ತದೆ. ಅದಕ್ಕೇ ಹಗ್ಗ ಎರಡೆರಡು, ನಡುವೆ ಹಳೇ ಲಾರಿ ಟೈರು. ಹಗ್ಗ ಅಂಚಿಗೆ ಉಜ್ಜುವ ಕಡೆ ಪೈಪಿನ ತುಂಡೋ ದಪ್ಪ ಬಟ್ಟೆಯೋ ಸುತ್ತಬೇಕು. ಹೊಸಬರು ಎಡವುವುದು ಇಲ್ಲಿ: ಗಾಳಿಗೆ ಹೆದರಿ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ತೂಫಾನಿಗೆ ನೀರು ಏರುತ್ತದೆ, ಬೋಟೂ ಏರಬೇಕು. ಸಡಿಲ ಇಲ್ಲದಿದ್ದರೆ ಹಗ್ಗ ಹರಿಯುತ್ತದೆ, ಇಲ್ಲವೇ ಕಟ್ಟಿದ ಕಂಬ ಕೀಳುತ್ತದೆ. ತೀರಾ ಸಡಿಲ ಬಿಟ್ಟರೂ ಪಕ್ಕದ ಬೋಟಿಗೆ ಗುದ್ದುತ್ತದೆ. ಈ ಲೆಕ್ಕ ಹಳೇ ತಾಂಡೇಲರ ಕೈಗೆ ಗೊತ್ತು.

ಮೇಲೆ ಹರಡಿದ ಬಲೆ, ಟಾರ್ಪಾಲು, ಖಾಲಿ ಬಾಕ್ಸುಗಳನ್ನು ಗಾಳಿ ಹಿಡಿಯುತ್ತದೆ, ಇಳಿಸಿಬಿಡಬೇಕು. ಮಳೆ ನೀರು ತುಂಬಿಯೇ ಮುಳುಗುವ ಬೋಟುಗಳಿವೆ, ಹಾಗಾಗಿ ನೀರೆತ್ತುವ ಪಂಪು, ಬ್ಯಾಟರಿ ಮೊದಲೇ ನೋಡಿಕೊಳ್ಳಬೇಕು. ನಾಡದೋಣಿಯಾದರೆ ಎಂಜಿನ್ ಬಿಚ್ಚಿ ಮನೆಗೆ, ದೋಣಿಯನ್ನು ಅಲೆ ಮುಟ್ಟದಷ್ಟು ಮೇಲಕ್ಕೆ. ಆಮೇಲೆ ಮನುಷ್ಯರು ಕೆಳಗಿಳಿಯಬೇಕು. ಲಕ್ಷಗಟ್ಟಲೆ ಸಾಲ ಮಾಡಿದ ಬೋಟು ಒದ್ದಾಡುವಾಗ ದಡದಲ್ಲಿ ಕೈಕಟ್ಟಿ ನಿಲ್ಲುವುದು ಸುಲಭವಲ್ಲ. ಕಾವಲಿಗೆ ಅಂತ ಒಳಗೆ ಮಲಗುವವರು ಅದಕ್ಕೇ ಇದ್ದಾರೆ. ಆ ತೌಕ್ತೆಯಲ್ಲೇ ಮುಲ್ಕಿ ಹತ್ತಿರ ಬಂಡೆಗೆ ಸಿಕ್ಕ ಟಗ್ಗಿನಿಂದ ಒಂಬತ್ತು ಜನರನ್ನು ಮೇ 17ರಂದು ಪಾರುಮಾಡಿದರು. ಅಂಥ ಹಡಗಿಗೇ ಆ ಗತಿ.

ಇದೆಲ್ಲ ದಡ ಸೇರಿದವರ ಮಾತು. ಆಳಸಮುದ್ರದಲ್ಲಿರುವವರಿಗೆ ಸುದ್ದಿ ಮುಟ್ಟಬೇಕಲ್ಲ? ದಡದಿಂದ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಮೊಬೈಲ್ ಸತ್ತಂತೆ. 2017ರ ನವೆಂಬರ್ ಕೊನೆಯಲ್ಲಿ ಓಖಿ ಬಂದಾಗ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರು ಎಚ್ಚರಿಕೆ ಹೊರಡುವ ಮೊದಲೇ ದೂರ ಹೋಗಿದ್ದರು. ಎಷ್ಟೋ ಜನ ತಿರುಗಿ ಬರಲಿಲ್ಲ. 2019ರ ಅಕ್ಟೋಬರಿನ ಕ್ಯಾರ್ ಸಮಯದಲ್ಲಿ ಸುದ್ದಿ ಸಿಕ್ಕವರು ಓಡಿಬಂದರು, ಬೇರೆ ರಾಜ್ಯದ ಬೋಟುಗಳೂ ಕಾರವಾರ ಬಂದರಿಗೆ ನುಗ್ಗಿದವು.

ಇಸ್ರೋದ ಅಪಾಯ ಸೂಚಕ ಪೆಟ್ಟಿಗೆ, 'ಡ್ಯಾಟ್', 2010ರಿಂದ ಬಳಕೆಯಲ್ಲಿದೆ. ಮೊದಲಿನದರಲ್ಲಿ ಗುಂಡಿ ಒತ್ತಿದವನಿಗೆ ತನ್ನ ಕೂಗು ಯಾರಿಗಾದರೂ ಕೇಳಿಸಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕತ್ತಲಲ್ಲಿ, ಅಲೆಯ ನಡುವೆ, ಹಾಗೆ ಕಾಯುವುದನ್ನು ಯೋಚಿಸಿ. 2024ರ ಜನವರಿಯಲ್ಲಿ ತಿಳಿಸಿದ ಎರಡನೇ ತಲೆಮಾರಿನ ಪೆಟ್ಟಿಗೆಗೆ "ಮುಟ್ಟಿತು" ಅನ್ನುವ ಮರುಸಂದೇಶ ಹೋಗುತ್ತದೆ. ತೂಫಾನಿನ ಮುನ್ಸೂಚನೆಯನ್ನೂ ಇಲ್ಲಿಂದ ಕಳಿಸಬಹುದು, ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿ ತಮ್ಮ ಭಾಷೆಯಲ್ಲೇ ಓದಬಹುದು.

ಪೆಟ್ಟಿಗೆ ಇದ್ದರೆ ಸಾಲದು. ಬೋಟು ಮಾರಿದಾಗ ಎಂಜಿನ್, ಬಲೆಯ ಲೆಕ್ಕವೆಲ್ಲ ಆಗುತ್ತದೆ, ಪೆಟ್ಟಿಗೆಯ ದಾಖಲೆ ಮಾತ್ರ ಹಳೇ ಮಾಲೀಕನ ಹೆಸರಲ್ಲಿ ಉಳಿದರೆ? ಕೂಗು ಬೇರೆಯವರ ಹೆಸರಲ್ಲಿ ಬರುತ್ತದೆ. ಬೋಟು ಕೊಂಡವರು ಮೀನುಗಾರಿಕೆ ಇಲಾಖೆಯಲ್ಲಿ ಇದನ್ನೊಮ್ಮೆ ಕೇಳಿ.

ನಿಮ್ಮ ಮನೆಯವರು ಬೋಟಿಗೆ ಹೋಗುತ್ತಿದ್ದರೆ, ಹೊರಡುವ ಮುಂಚೆ ಬೋಟಿನ ನೋಂದಣಿ ನಂಬರು, ಜೊತೆಗಿರುವವರ ಹೆಸರು, ವಾಪಸ್ ಬರುವ ದಿನ ಬರೆದಿಟ್ಟುಕೊಳ್ಳಿ. ಕರಾವಳಿ ಕಾವಲು ಪಡೆಯ ಸಹಾಯವಾಣಿ 1554. ನಮ್ಮ ಪಕ್ಕದ ರೂಮಿನ ಹುಡುಗ ಈ ನಂಬರನ್ನು ಮಾವನ ಫೋಟೋ ಹಾಕಿ ಸೇವ್ ಮಾಡಿಕೊಂಡಿದ್ದಾನೆ.