ಆಟದ ಯಂತ್ರದ ಬೆಲೆ



ಈ ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ ಮೊದಲಾದುವನ್ನು ಕುರಿತು ಬರೆಯುವೆವೆಂದು ಅವರು ಎಣಿಸಿದ್ದಿರಬೇಕು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಇಲ್ಲಿ ಮರಳಿ ಹೇಳುವ ಅಗತ್ಯವಿಲ್ಲ. ನಾವು ನಿಮಗೆ ಒಂದು ಲೆಕ್ಕವನ್ನು ಒಪ್ಪಿಸಬೇಕಾಗಿದೆ. ಅದರೊಡನೆ ನಮ್ಮದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಎರಡೂ ಒಂದೇ ಸಂಗತಿಗೆ ಸೇರಿದವು.

1998ರಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೋದ ಬಾಲಿಕೆಯರು ನಮ್ಮ ವೃತ್ತಿಯ ಮೊದಲನೆಯ ವರುಷದ ಶಿಷ್ಯೆಯರು. ಇಪ್ಪತ್ತೈದು ವರುಷಗಳು ತುಂಬಿದ ನೆನಪಿಗಾಗಿ ಅವರು 2023ರ ಜೂನ್ ತಿಂಗಳಲ್ಲಿ 75,000 ರೂಪಾಯಿಗಳನ್ನು ಕೂಡಿಸಿ ಕಳುಹಿಸಿ, ‘ಇದು ಬೋರ್ಡಿಂಗಿನ ಮಕ್ಕಳ ವಿನೋದಕ್ಕೆ ಮಾತ್ರ, ದಯವಿಟ್ಟು ಬೆಂಚು ಮೇಜು ಮಾಡಿಸಬೇಡಿರಿ’ ಎಂದು ಬರೆದರು. ನಮ್ಮ ಸ್ವಭಾವವನ್ನು ಅವರು ಮರೆತಿರಲಿಲ್ಲವೆಂದು ಇದರಿಂದ ತಿಳಿದುಕೊಂಡೆವು. ನಮ್ಮ ಕರಾವಳಿಯ ಮಳೆಗಾಲವನ್ನು ನೀವು ಬಲ್ಲಿರಿ. ಜೂನಿನಿಂದ ಸೆಪ್ಟೆಂಬರಿನ ವರೆಗೆ ಆಟದ ಬಯಲು ಕೆರೆಯಾಗುತ್ತದೆ. ನಾಲ್ವತ್ತೆಂಟು ಬಾಲಿಕೆಯರು ಒಂದೇ ಹಜಾರದಲ್ಲಿ ಎರಡು ಕೇರಂ ಹಲಗೆಗಳನ್ನೂ ಒಂದು ಹಳೆಯ ಚೆನ್ನೆಮಣೆಯನ್ನೂ ಸುತ್ತಿಕೊಂಡು ಕುಳಿತಿರುತ್ತಾರೆ. ಹಣವು ಬಂದ ಸುದ್ದಿ ತಿಳಿದ ಮೂರನೆಯ ದಿವಸ, ತಮಗೆ ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ‘ಗೇಮ್ ಕನ್ಸೋಲ್’ ಎಂಬ ಯಂತ್ರವೇ ಬೇಕೆಂದು ಅವರು ಒಂದು ಅರ್ಜಿಯನ್ನು ತಂದು ನಮ್ಮ ಮೇಜಿನ ಮೇಲಿಟ್ಟರು.

ಅದನ್ನು ಒಡನೆಯೇ ತಳ್ಳಿಬಿಡಬೇಕೆಂದಿದ್ದೆವು. ಕನ್ನಡ ಉಪಾಧ್ಯಾಯಿನಿಯವರು ಮಾತ್ರ, ‘ಬೇಡವೆನ್ನುವುದಕ್ಕೆ ಮುಂಚೆ ಚರ್ಚಾಕೂಟದಲ್ಲಿ ಒಂದು ಸಲ ವಾದಿಸಲಿ, ಟೀಚರ್’ ಎಂದರು. ‘ಆಟದ ಯಂತ್ರವು ಅದಕ್ಕೆ ತೆರುವ ಬೆಲೆಗೆ ತಕ್ಕುದು’ ಎಂಬ ವಿಷಯವನ್ನು ಗೊತ್ತುಮಾಡಿ, ಜುಲೈ ತಿಂಗಳ ಒಂದು ಶನಿವಾರ ಅಧ್ಯಕ್ಷಸ್ಥಾನದಲ್ಲಿ ನಾವೇ ಕುಳಿತೆವು. ತೀರ್ಪು ನಮ್ಮ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿದ್ದಿತೆಂಬುದನ್ನು ಮುಚ್ಚಿಡಲಾರೆವು.

ವಾದಿ ಪಕ್ಷದ ಮೊದಲನೆಯ ಬಾಲಿಕೆಯು ಹೊಗಳಿಕೆಗೆ ಕೈಹಾಕದೆ ಲೆಕ್ಕವನ್ನೇ ಹಿಡಿದಳು. ಪ್ಲೇಸ್ಟೇಷನ್ 5 ಎಂಬ ಯಂತ್ರವು ನಮ್ಮ ದೇಶಕ್ಕೆ 2021ರ ಫೆಬ್ರವರಿ 2ರಂದು ಬಂದಾಗ ಅದರ ಬೆಲೆ 49,990 ರೂಪಾಯಿಗಳು; 2022ರ ನವೆಂಬರಿನಲ್ಲಿ ಅದು 54,990ಕ್ಕೆ ಏರಿತು. ಕೈಯಲ್ಲಿ ಹಿಡಿದು ಆಡಿಸುವ ಸಾಧನ ಇನ್ನೊಂದಕ್ಕೆ ಸುಮಾರು 6,000, ಹೊಸ ಆಟ ಒಂದಕ್ಕೆ ಸುಮಾರು 5,000ದಂತೆ ಮೂರು ಆಟಗಳಿಗೆ 15,000, ಒಟ್ಟು 75,990. ಇಬ್ಬಿಬ್ಬರು ಅರ್ಧ ಅರ್ಧ ತಾಸು ಆಡಿದರೆ ನಾಲ್ವತ್ತೆಂಟು ಮಂದಿಗೆ ಹನ್ನೆರಡು ತಾಸು ಬೇಕು. ಶನಿವಾರ ಮೂರು, ಆದಿತ್ಯವಾರ ಮೂರು ತಾಸಿನಂತೆ, ಪ್ರತಿಯೊಬ್ಬಳಿಗೆ ಹದಿನೈದು ದಿವಸಕ್ಕೊಮ್ಮೆ ಅರ್ಧ ತಾಸಿನ ಪಾಳಿ ಬರುವುದು. ಶಾಲೆಯ ನಾಲ್ವತ್ತು ವಾರಗಳಲ್ಲಿ ತಲೆಗೆ ಹತ್ತು ತಾಸು. ಯಂತ್ರವು ಐದು ವರುಷ ಬಾಳಿದರೆ ಎಲ್ಲರದೂ ಕೂಡಿ 2,400 ತಾಸು. ‘ಹಾಗಾದರೆ ಒಬ್ಬಳ ಒಂದು ತಾಸಿನ ವಿನೋದಕ್ಕೆ ಸುಮಾರು 32 ರೂಪಾಯಿಗಳು ಬೀಳುತ್ತವೆ. ಇದು ಹೆಚ್ಚೋ ಕಡಿಮೆಯೋ ಸಭೆಯವರೇ ಹೇಳಲಿ’ ಎಂದು ಅವಳು ಕುಳಿತಳು. ಗಣಿತದ ಉಪಾಧ್ಯಾಯಿನಿಯವರ ಮುಖವು ಅರಳಿದುದನ್ನು ನಾವು ಕಂಡೆವು.

ಪ್ರತಿವಾದಿ ಪಕ್ಷದವಳು ಎದ್ದು, ಅಷ್ಟು ಹಣವನ್ನೇಕೆ ತೆರಬೇಕು, 2020ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಎಂಬುದು 34,990ಕ್ಕೆ ಬರಲಿಲ್ಲವೇ ಎಂದು ಕೇಳಿದಳು. ಇದಕ್ಕೆ ವಾದಿ ಪಕ್ಷದ ಎರಡನೆಯವಳು ಕೊಟ್ಟ ಉತ್ತರವು ನಮ್ಮನ್ನು ಎಚ್ಚರಿಸಿತು. ಅಗ್ಗದ ಆ ಯಂತ್ರದಲ್ಲಿ ಆಟದ ತಟ್ಟೆಯನ್ನು ತೂರಿಸುವ ಕಂಡಿಯೇ ಇಲ್ಲ. ಪ್ರತಿಯೊಂದು ಆಟವನ್ನೂ ಇಂಟರ್‌ನೆಟ್ಟಿನ ಮೂಲಕವೇ ಇಳಿಸಿಕೊಳ್ಳಬೇಕು. ಪ್ಲೇಸ್ಟೇಷನ್ನಿನಲ್ಲಿಯೂ ಕಂಡಿಯಿಲ್ಲದ ಒಂದು ಬಗೆಯು ಹತ್ತು ಸಾವಿರ ಕಡಿಮೆಗೆ ದೊರೆಯುತ್ತಿದ್ದಿತು. ತಟ್ಟೆಯಾದರೆ ನೆರೆಯವರಿಂದ ಎರವಲು ತರಬಹುದು, ಆಡಿ ಮುಗಿದ ಮೇಲೆ ಮಾರಬಹುದು, ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳು ಆಡಿಬಿಟ್ಟುದನ್ನು ಕಳುಹಿಸಬಹುದು. ಇಳಿಸಿಕೊಂಡ ಆಟವನ್ನು ಹಾಗೆ ಕೈಯಿಂದ ಕೈಗೆ ದಾಟಿಸಲು ಬರುವುದಿಲ್ಲ. ‘ಆ ಹತ್ತು ಸಾವಿರವು ಒಂದು ಕಂಡಿಯ ಬೆಲೆಯಲ್ಲ, ಕೊಟ್ಟು ಕೊಳ್ಳುವ ಸ್ವಾತಂತ್ರ್ಯದ ಬೆಲೆ’ ಎಂದಳು. ಪೆಟ್ಟಿಗೆಯ ಮೇಲೆ ಅಚ್ಚಾದ ಬೆಲೆಯೇ ಬೆಲೆಯೆಂದು ಎಣಿಸಿದ್ದ ನಮಗೆ ಇದು ಹೊಸ ಮಾತಾಗಿದ್ದಿತು.

ಬಳಿಕ ವಾದಿಗಳು, ಆಟಗಳನ್ನು ಪರೀಕ್ಷಿಸಿ ಬರೆಯುವ ಪತ್ರಿಕೆಗಳಲ್ಲಿ ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಹತ್ತು ಅಂಕಗಳು ಬಂದಿವೆಯೆಂದು ಕಾಗದಗಳನ್ನು ಎತ್ತಿ ತೋರಿಸಿದರು. ಜಪಾನಿನಲ್ಲಿ 1986ರಲ್ಲಿ ಆರಂಭವಾದ ಫಾಮಿತ್ಸು ಪತ್ರಿಕೆಯಲ್ಲಿ ನಾಲ್ವರು ಪರೀಕ್ಷಕರು ಬೇರೆ ಬೇರೆಯಾಗಿ ಹತ್ತು ಹತ್ತು ಅಂಕಗಳೊಳಗೆ ಬೆಲೆಕಟ್ಟಿ, ಒಟ್ಟು ನಾಲ್ವತ್ತಕ್ಕೆ ಇಷ್ಟೆಂದು ಕೊಡುವ ಕ್ರಮವನ್ನೂ ವಿವರಿಸಿದರು. ಆಗ ಪ್ರತಿವಾದಿ ಪಕ್ಷದಿಂದ ಒಂಬತ್ತನೆಯ ತರಗತಿಯ ಒಬ್ಬ ಮೆಲುದನಿಯ ಬಾಲಿಕೆಯು ಎದ್ದು, ‘ಅಂಕ ಕೊಟ್ಟವರು ಯಾವ ಯಂತ್ರದಲ್ಲಿ ಆಡಿ ಕೊಟ್ಟರು? ಅದಕ್ಕೆ ಹಣ ತೆತ್ತವರು ಯಾರು?’ ಎಂದು ಕೇಳಿದಳು. ಸಭೆಯಲ್ಲಿ ಯಾರಿಗೂ ಉತ್ತರವಿರಲಿಲ್ಲ. ಅವಳು ಗ್ರಂಥಭಂಡಾರದಲ್ಲಿ ಕುಳಿತು ಹುಡುಕಿಕೊಂಡು ಬಂದಿದ್ದಳು.

ಅವಳು ಹೇಳಿದ ಚರಿತ್ರೆ ಇದು. ಪೋಲೆಂಡ್ ದೇಶದ ಸಿಡಿ ಪ್ರಾಜೆಕ್ಟ್ ರೆಡ್ ಎಂಬವರು ಸೈಬರ್‌ಪಂಕ್ 2077 ಎಂಬ ಆಟವನ್ನು 2020ರ ಡಿಸೆಂಬರ್ 10ರಂದು ಹೊರತಂದರು. (ಆ ಆಟವು ಬಾಲಿಕೆಯರಿಗೆ ತಕ್ಕುದಲ್ಲ; ಅದರ ಚರಿತ್ರೆ ಮಾತ್ರ ತಕ್ಕುದು.) ಅದಕ್ಕೆ ಮುಂಚಿತವಾಗಿ ವಿಮರ್ಶಕರಿಗೆ ಕೊಟ್ಟುದು ಕಂಪ್ಯೂಟರಿನಲ್ಲಿ ಆಡುವ ಪ್ರತಿಯನ್ನು ಮಾತ್ರ. ತಾವು ಆಡಿದುದರ ಚಿತ್ರಗಳನ್ನು ತೋರಿಸಲಿಕ್ಕೂ ಅಪ್ಪಣೆಯಿರಲಿಲ್ಲ. ಕಂಪೆನಿಯು ಕೊಟ್ಟ ಚಿತ್ರಗಳನ್ನೇ ತೋರಿಸಬೇಕಾಗಿದ್ದಿತು. ಹೊಗಳಿಕೆಯ ಲೇಖನಗಳು ಬಹಳವಾಗಿ ಬಂದವು. ಆದರೆ 2013ರ ಕಾಲದ ಯಂತ್ರಗಳಾದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇವುಗಳನ್ನಿಟ್ಟುಕೊಂಡ ಜನರು ಕೊಂಡು ನೋಡಿದಾಗ ಆಟವು ತಡವರಿಸಿತು, ಮಧ್ಯದಲ್ಲಿ ನಿಂತುಹೋಯಿತು. ಸುಮಾರು ಒಂದು ವಾರ ಕಳೆಯುತ್ತಲೇ ಸೋನಿ ಕಂಪೆನಿಯು ಅದನ್ನು ತನ್ನ ಅಂಗಡಿಯಿಂದ ತೆಗೆದು ಹಣವನ್ನು ಹಿಂದಿರುಗಿಸುವೆವೆಂದಿತು. 2021ರ ಜೂನಿನಲ್ಲಿಯೇ ಅದು ಮರಳಿ ಬಂದುದು. ‘ವಿಮರ್ಶಕರು ಸುಳ್ಳು ಬರೆಯಲಿಲ್ಲ. ತಾವು ಕಂಡುದನ್ನೇ ಬರೆದರು. ತಾವು ಆಡಿದುದು ಕಂಪ್ಯೂಟರಿನ ಪ್ರತಿಯೆಂದು ಕೆಲವರು ತಿಳಿಸಿಯೂ ಇದ್ದರು. ಆದರೆ ಅಂಕವು ದೊಡ್ಡ ಅಕ್ಷರದಲ್ಲಿಯೂ ಆ ಮಾತು ಸಣ್ಣ ಅಕ್ಷರದಲ್ಲಿಯೂ ಇದ್ದುವು’ ಎಂದು ಅವಳು ಹೇಳಿದಳು.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಅಮೆರಿಕೆಯ ಗೇಮ್‌ಸ್ಪಾಟ್ ಎಂಬಲ್ಲಿ ಜೆಫ್ ಗರ್ಸ್ಟ್‌ಮನ್ ಎಂಬ ವಿಮರ್ಶಕರು 2007ರಲ್ಲಿ ಒಂದು ಆಟಕ್ಕೆ ಹತ್ತಕ್ಕೆ ಆರು ಅಂಕಗಳನ್ನು ಕೊಟ್ಟರು. ಅದೇ ಆಟದ ಜಾಹೀರಾತುಗಳು ಆಗ ಅಲ್ಲಿಯೇ ತುಂಬಿಕೊಂಡಿದ್ದುವು. ಅವರು ಕೆಲಸ ಕಳೆದುಕೊಂಡರು. ಜಾಹೀರಾತುದಾರರ ಒತ್ತಡವೇ ಅದರ ಹಿಂದೆ ಇದ್ದಿತೆಂದು 2012ರಲ್ಲಿ ತಾವೇ ಬಹಿರಂಗವಾಗಿ ಹೇಳಿದರು. ಇನ್ನೊಂದು ಕಡೆ, ಎಲ್ಲ ವಿಮರ್ಶಕರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬ ಏರ್ಪಾಡಿನಲ್ಲಿ, 2010ರ ಫಾಲ್‌ಔಟ್: ನ್ಯೂ ವೇಗಸ್ ಎಂಬ ಆಟಕ್ಕೆ ನೂರಕ್ಕೆ 84 ಬಂದಿತು, 85 ಬಂದಿದ್ದರೆ ಮಾತ್ರ ಅದನ್ನು ರಚಿಸಿದವರಿಗೆ ಬಹುಮಾನದ ಹಣವು ದೊರೆಯುತ್ತಿದ್ದಿತೆಂದು ಆ ಸಂಸ್ಥೆಯ ಒಬ್ಬ ಪ್ರಮುಖರು 2012ರಲ್ಲಿ ತಿಳಿಸಿದರು. ಮೂವತ್ತೈದು ಅಂಕಕ್ಕೆ ಒಂದು ಕಡಿಮೆಯಾಗಿ ಅತ್ತ ಮಕ್ಕಳನ್ನು ಕಂಡಿರುವ ನಮಗೆ ಇದು ಬೇಗನೆ ಅರ್ಥವಾಯಿತು. ಅಂಕವನ್ನು ಹಾಕುವವರ ಒಂದು ಗೀಟು ಇನ್ನೊಬ್ಬರ ಅನ್ನದವರೆಗೆ ಹೋಗುತ್ತದೆ. ಅಂಕವನ್ನು ಹಾಕುವವರ ಅನ್ನವೂ ಮತ್ತೊಬ್ಬರ ಕೈಯಲ್ಲಿರುತ್ತದೆ.

ಇಷ್ಟು ಕೇಳುವಾಗ ನಾವು ಕುರ್ಚಿಯಲ್ಲಿ ಸುಮ್ಮನೆ ಕುಳಿತಿರಲಾರದವರಾದೆವು. ಕಾರಣವನ್ನು ಹೇಳುತ್ತೇವೆ. ಕೆಲವು ವರುಷಗಳ ಹಿಂದೆ ಒಬ್ಬ ಪ್ರಕಾಶಕರು ತಮ್ಮ ವ್ಯಾಕರಣ ಪುಸ್ತಕದ ಆರು ಪ್ರತಿಗಳನ್ನು ಉಚಿತವಾಗಿ ನಮಗೆ ಕಳುಹಿಸಿ, ಒಂದು ಅಭಿಪ್ರಾಯವನ್ನು ಬರೆದುಕೊಡಬೇಕೆಂದು ವಿನಯದಿಂದ ಬೇಡಿಕೊಂಡರು. ಮೊದಲನೆಯ ಎರಡು ಅಧ್ಯಾಯಗಳನ್ನು ಓದಿದೆವು, ಅವು ಚೆನ್ನಾಗಿದ್ದುವು. ಉಳಿದುವೂ ಹಾಗೆಯೇ ಇರಬಹುದೆಂದೆಣಿಸಿ, ‘ಪ್ರತಿಯೊಬ್ಬ ವಿದ್ಯಾರ್ಥಿನಿಯ ಕೈಯಲ್ಲಿಯೂ ಇರತಕ್ಕ ಪುಸ್ತಕ’ ಎಂದು ಬರೆದು ರುಜುಮಾಡಿ ಕಳುಹಿಸಿದೆವು. ಅದು ಮುಂದಣ ಮುದ್ರಣದ ರಕ್ಷಾಪತ್ರದ ಮೇಲೆ ನಮ್ಮ ಹೆಸರಿನೊಡನೆ ಅಚ್ಚಾಯಿತು. ಆ ಮಾತನ್ನು ನಂಬಿ ನಮ್ಮ ಮಕ್ಕಳ ತಂದೆತಾಯಿಗಳೇ ಹಣ ಕೊಟ್ಟು ಕೊಂಡರು. ಸಮಾಸ ಪ್ರಕರಣದಲ್ಲಿ ಮೊದಲಿನಿಂದ ಕೊನೆಯ ವರೆಗೆ ತಪ್ಪುಗಳಿದ್ದುದು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನಮಗೆ ತಿಳಿದುಬಂದಿತು. ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿದ್ದ ಒಬ್ಬ ತಾಯಿಯು ಆ ಪುಸ್ತಕಕ್ಕೆ ಬಟ್ಟೆಯ ಹೊದಿಕೆಯನ್ನು ಹೊಲಿದುಕೊಟ್ಟಿದ್ದುದನ್ನು ನಾವು ಇಂದಿಗೂ ಮರೆಯಲಾರೆವು. ನಮಗೆ ಯಾರೂ ಲಂಚ ಕೊಟ್ಟಿರಲಿಲ್ಲ. ಆರು ಪುಸ್ತಕಗಳೂ ಒಂದು ಸವಿಮಾತೂ ಸಾಕಾಗಿದ್ದುವು. ಓದದೆ ಉಳಿದ ಅಧ್ಯಾಯಗಳ ಸಂಗತಿಯನ್ನು ನಾವು ಸಣ್ಣ ಅಕ್ಷರದಲ್ಲಿಯೂ ಬರೆದಿರಲಿಲ್ಲ.

ಚರ್ಚೆಯು ಮುಗಿದು ಮತ ತೆಗೆದಾಗ ಯಂತ್ರದ ಪಕ್ಷವು ಏಳು ಮತಗಳಿಂದ ಸೋತಿತು. ನಾವು ಗೊತ್ತುವಳಿಯನ್ನು ಬರೆಯಿಸುತ್ತಿರುವಾಗ, ಎಂಟನೆಯ ತರಗತಿಯ ಒಬ್ಬ ಪುಟ್ಟ ಬಾಲಿಕೆಯು ಕೈಯೆತ್ತಿ, ‘ಟೀಚರ್, ಬೇಡವೆಂದವರಲ್ಲಿ ಬೋರ್ಡಿಂಗಿನವರು ಎಷ್ಟು ಮಂದಿ?’ ಎಂದಳು. ಎಣಿಸಿ ನೋಡಿದರೆ, ಹೆಚ್ಚಿನವರು ಮನೆಯಿಂದ ಬಂದು ಹೋಗುವ ಮಕ್ಕಳು. ಅವರಲ್ಲಿ ಅನೇಕರ ಮನೆಯಲ್ಲಿ ಅಂಥ ಯಂತ್ರವೋ ಅಣ್ಣಂದಿರ ಕಂಪ್ಯೂಟರೋ ಇದ್ದಿತು. ಪುಕ್ಕಟೆಯಾಗಿ ಆಟವನ್ನು ಪಡೆದ ವಿಮರ್ಶಕನಿಗೆ ಬೆಲೆಯ ಭಾರವು ತಿಳಿಯದಂತೆ, ಮನೆಯಲ್ಲಿ ಆಟವಿದ್ದವರಿಗೆ ಇಲ್ಲದವರ ಮಳೆಗಾಲದ ಸಂಜೆ ತಿಳಿಯಲಿಲ್ಲ. ಇನ್ನು ನಮ್ಮ ಮಾತು? ನಾವಂತೂ ಆಡಿಯೇ ನೋಡದೆ ತೀರ್ಪು ಬರೆದಿದ್ದವರು.

ಮಾರನೆಯ ವಾರ ಬೋರ್ಡಿಂಗಿನ ನಾಲ್ವತ್ತೆಂಟು ಮಂದಿಯ ಮತವನ್ನೇ ಬೇರೆಯಾಗಿ ತೆಗೆದೆವು. ಮೂವತ್ತೈದು ಮಂದಿ ಬೇಕೆಂದರು. ತಟ್ಟೆಯ ಕಂಡಿಯುಳ್ಳ ಯಂತ್ರವನ್ನು ತರಿಸಿ, 75,000ಕ್ಕೆ ಮೇಲಾದ 990 ರೂಪಾಯಿಗಳನ್ನು ನಾವು ಕೈಯಿಂದ ಹಾಕಿದೆವು. ಆದರೆ ಒಂದು ಕಟ್ಟಳೆಯನ್ನು ಮಾಡಿದೆವು. ಯಂತ್ರದ ಪಕ್ಕದಲ್ಲಿ ಒಂದು ದಪ್ಪ ಪುಸ್ತಕವಿರಬೇಕು. ಆಟವನ್ನು ಆಡಿದವರು ಅದರಲ್ಲಿ, ಆಟಕ್ಕೆ ಹಣ ಕೊಟ್ಟವರು ಯಾರು, ತಾನು ಎಷ್ಟು ತಾಸು ಆಡಿದೆನು, ಹಿಡಿಸಿದುದು ಯಾವುದು, ಹಿಡಿಸದುದು ಯಾವುದು, ತಾನು ನೋಡದೆ ಉಳಿದ ಭಾಗವೆಷ್ಟು ಎಂಬ ಐದು ಸಂಗತಿಗಳನ್ನು ಬರೆಯಬೇಕು. ಅಂಕಗಳನ್ನು ಮಾತ್ರ ಹಾಕಕೂಡದು.

ಈಗ ಲೆಕ್ಕವನ್ನು ಒಪ್ಪಿಸುತ್ತೇವೆ. ಮೊದಲನೆಯ ಎರಡು ತಿಂಗಳು ಪಾಳಿಗಾಗಿ ಜಗಳಗಳಾದುವು. ಆಮೇಲೆ ಸುಮಾರು ಇಪ್ಪತ್ತು ಮಂದಿ ಮಾತ್ರ ತಪ್ಪದೆ ಆಡತೊಡಗಿದರು. ಉಳಿದವರು ಕೇರಂ ಹಲಗೆಗೂ ಚೆನ್ನೆಮಣೆಗೂ ಮರಳಿದರು. ಆದುದರಿಂದ ತಾಸಿಗೆ 32 ರೂಪಾಯಿಯೆಂಬ ಲೆಕ್ಕವು ಎಲ್ಲರಿಗೂ ಸಮವಾಗಿ ಹಂಚಿಹೋಗಲಿಲ್ಲ. ಕೊಂಡ ಮೂರು ಆಟಗಳಲ್ಲಿ ಒಂದು ಯಾರಿಗೂ ಬೇಡವಾಯಿತು. ತಟ್ಟೆಯಾದುದರಿಂದ ಅದನ್ನು ಅರ್ಧ ಬೆಲೆಗೆ ಮಾರಿದೆವು. ಹಳೆಯ ವಿದ್ಯಾರ್ಥಿನಿಯರು ಐದು ತಟ್ಟೆಗಳನ್ನು ಕಳುಹಿಸಿದ್ದಾರೆ. ನಷ್ಟವೂ ಲಾಭವೂ ಬೆರೆತ ಲೆಕ್ಕವಿದು. ದಾತೃಗಳು ಇದನ್ನು ಇದ್ದಂತೆಯೇ ಸ್ವೀಕರಿಸಬೇಕು.

ಅಮೆರಿಕೆಯಲ್ಲಿ 1991ರಲ್ಲಿ ಹುಟ್ಟಿದ ಗೇಮ್ ಇನ್‌ಫಾರ್ಮರ್ ಪತ್ರಿಕೆಯು ಬಹುಕಾಲ ಆಟಗಳನ್ನು ಮಾರುವ ಕಂಪೆನಿಯೊಂದರ ಒಡೆತನದಲ್ಲಿಯೇ ಇದ್ದು, 2024ರ ಆಗಸ್ಟಿನಲ್ಲಿ ಆ ಒಡೆಯರಿಂದಲೇ ನಿಲ್ಲಿಸಲ್ಪಟ್ಟು, 2025ರಲ್ಲಿ ಬೇರೊಬ್ಬರ ಕೈಯಲ್ಲಿ ಮರಳಿ ಎದ್ದಿತು. ಒಳ್ಳೆಯ ವಿಮರ್ಶೆಗೆ ಓದುಗರು ಹಣ ಕೊಡದಿದ್ದರೆ ಮಾರುವವರೇ ಕೊಡುತ್ತಾರೆ. ಕೊಡುವವರು ಬೇಡವೆಂದ ದಿವಸ ದೀಪವೂ ಆರುತ್ತದೆ. ಆದಕಾರಣ ಮಕ್ಕಳಿಗೆ ಇಂಥ ಯಂತ್ರವನ್ನು ಕೊಳ್ಳಬೇಕೆಂದಿರುವ ತಂದೆತಾಯಿಗಳು ಅಂಕವನ್ನು ನೋಡುವುದಕ್ಕೆ ಮುಂಚೆ ಆ ಸಣ್ಣ ಅಕ್ಷರದ ಮಾತನ್ನು ಹುಡುಕಿರಿ. ಕೊಂಡ ಮೇಲೆ ಯಾರು ಆಡುವರು, ಎಷ್ಟು ಆಡುವರು ಎಂದು ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಿರಿ. ಬೋರ್ಡಿಂಗಿನ ಆ ಪುಸ್ತಕವನ್ನು ಓದಬೇಕೆಂದಿರುವವರು ಶನಿವಾರ ಮಧ್ಯಾಹ್ನ ಬಂದು ಓದಬಹುದು. ಅದರ ನಾಲ್ಕನೆಯ ಪುಟದಲ್ಲಿ, ಅಂದು ಕೈಯೆತ್ತಿದ ಆ ಪುಟ್ಟ ಬಾಲಿಕೆಯು ಬರೆದಿದ್ದಾಳೆ: ‘ಈ ಆಟವು ಚೆನ್ನಾಗಿದೆ. ಆದರೆ ನಾನು ಅರ್ಧ ತಾಸು ಮಾತ್ರ ಆಡಿದ್ದೇನೆ. ಆದ್ದರಿಂದ ನನ್ನನ್ನು ಪೂರ್ತಿ ನಂಬಬೇಡಿ.’

ನಮ್ಮ ಮೇಜಿನ ಮೇಲೆ ಈಗ ಇನ್ನೊಬ್ಬ ಪ್ರಕಾಶಕರ ಪುಸ್ತಕವು ಅಭಿಪ್ರಾಯಕ್ಕಾಗಿ ಬಂದು ಕುಳಿತಿದೆ. ಹನ್ನೊಂದು ಅಧ್ಯಾಯಗಳಲ್ಲಿ ಏಳನ್ನು ಓದಿದ್ದೇವೆ. ಉಳಿದ ನಾಲ್ಕನ್ನು ಓದಿದ ಮೇಲೆಯೇ ಬರೆಯುವೆವೆಂದು ಅವರಿಗೆ ತಿಳಿಸಿದ್ದೇವೆ.