ಅಕ್ಕನ ಪರೀಕ್ಷೆ

ನಮ್ಮಕ್ಕ ಮಡಿಕೇರಿಯಲ್ಲಿ ಬಿ.ಸಿ.ಎ. ಮುಗಿಸಿ ಸಿ.ಸಿ.ಎನ್.ಎ. ಪರೀಕ್ಷೆಗೆ ಓದಲು ಕೂತಳು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ವಿದ್ಯೆಗೆ ಸಿಸ್ಕೋ ಕಂಪನಿಯವರು 1998ರಲ್ಲಿ ಶುರು ಮಾಡಿದ ಪರೀಕ್ಷೆ ಅದು. ಪಾಸಾದರೂ ಮೂರೇ ವರ್ಷ ಬಾಳಿಕೆ! "ನನ್ನ ಎಸ್ಸೆಸ್ಸೆಲ್ಸಿ ಕಾರ್ಡು ಇನ್ನೂ ನಡೀತದೆ, ಇದೇನು ಕೊಳೆಯೋ ಸರ್ಟಿಫಿಕೇಟು?" ಅಂದರು ಅಪ್ಪ. ಅಮ್ಮ ಮಾತಾಡದೆ ಓಲೆ ಬಿಚ್ಚಿ ಅಡವಿಡಲು ಕೊಟ್ಟರು.

ಮಳೆಗಾಲ, ಕರೆಂಟಿಲ್ಲ. ದೀಪ ಹಚ್ಚಿಕೊಂಡು ನಾನೇ ಪ್ರಶ್ನೆ ಕೇಳುತ್ತಿದ್ದೆ. 64 ವಿಳಾಸಗಳ ಗುಂಪಿನಲ್ಲಿ ಯಂತ್ರಗಳಿಗೆ ಸಿಗೋದು 62. ಮೊದಲನೆಯದು ಗುಂಪಿನ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗಲು. ನನಗೇ ಬಾಯಿಪಾಠವಾಯಿತು.

ಆದರೂ ಅಕ್ಕ ಫೇಲಾದಳು. ಬಸ್ಸಿಳಿದವಳು ನೇರ ಕೊಟ್ಟಿಗೆಗೆ ಹೋಗಿ ಕೂತಳು. ಊಟಕ್ಕೆ ಕರೆಯಲು ನನ್ನನ್ನು ಕಳಿಸಿದರು. ಏನು ಹೇಳಬೇಕೋ ತಿಳಿಯದೆ, "64ರಲ್ಲಿ ಎಷ್ಟು?" ಎಂದುಬಿಟ್ಟೆ. "62" ಎಂದು ಅತ್ತಳು.

ಈಗ ಕುಶಾಲನಗರದಲ್ಲಿ ಅಂಗಡಿಗಳಿಗೆ ಕ್ಯಾಮೆರಾ, ಇಂಟರ್ನೆಟ್ ವೈರು ಎಳೆಯುವ ಕೆಲಸಕ್ಕೆ ಹೋಗುತ್ತಾಳೆ. ಮೊದಲು ಓಲೆ ಬಿಡಿಸಬೇಕಂತೆ, ಆಮೇಲೆ ಮತ್ತೆ ಪರೀಕ್ಷೆ. ಕಳೆದ ಭಾನುವಾರ ವೈರಿನ ತುಂಡು ತಂದು ಎಂಟು ಎಳೆಗಳ ಸಾಲು ಕಲಿಸಿದಳು: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಅಪ್ಪ ಕನ್ನಡಕ ಹಾಕ್ಕೊಂಡು ಹತ್ತಿರ ಬಂದು, "ಹಸಿರಿನ ಮಧ್ಯೆ ನೀಲಿ ಯಾಕೆ ಬಂತು?" ಎಂದು ಕೇಳಿದರು.